ಪೊಟ್ಯಾಸಿಯಂ ಖಾತೆಯಲ್ಲಿ ಬಾಕಿ ಒಂದು

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ನನಗೂ ವಿಜ್ಞಾನಕ್ಕೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಆದರೆ ಮಗಳು ಈಗ ಒಂಬತ್ತನೇ ಕ್ಲಾಸು. ಕಿರು ಪರೀಕ್ಷೆಯ ಹಿಂದಿನ ರಾತ್ರಿ, ನಾನು ಊಟಕ್ಕೆ ಕೂತಿದ್ದಾಗ ನೋಟ್ಸ್ ಹಿಡಿದುಕೊಂಡು ಬಂದಳು.

"ಅಪ್ಪ, ಪೊಟ್ಯಾಸಿಯಂಗೆ ವೇಲೆನ್ಸ್ ಎಲೆಕ್ಟ್ರಾನ್ ಎಷ್ಟು? ನಂಗೆ ಒಂಬತ್ತು ಬರ್ತಿದೆ. ಹಿಂದೆ ಉತ್ತರ ಒಂದು ಅಂತಿದೆ."

ನಗು ಬಂತು. ಹತ್ತನೇ ಕ್ಲಾಸಿನಲ್ಲಿ ನಾನೂ ಇದೇ ಒಂಬತ್ತು ಬರೆದು ಅಂಕ ಕಳೆದುಕೊಂಡಿದ್ದೆ. ಯಾಕೆ ತಪ್ಪು ಅಂತ ಆವತ್ತು ಯಾರನ್ನೂ ಕೇಳಲಿಲ್ಲ.

ಪರಮಾಣುವಿನ ನಡುವಿನ ಬೀಜದ ಸುತ್ತ ಎಲೆಕ್ಟ್ರಾನ್‌ಗಳು ಪದರ ಪದರವಾಗಿ ಇರುತ್ತವೆ, ಆ ಪದರಕ್ಕೆ ಕವಚ ಅನ್ನುತ್ತಾರೆ. ತೀರಾ ಹೊರಗಿನ ಕವಚದಲ್ಲಿ ಇರುವವೇ ವೇಲೆನ್ಸ್ ಎಲೆಕ್ಟ್ರಾನ್. ಅವಳ ಲೆಕ್ಕ ಹೀಗಿತ್ತು. ಪರಮಾಣು ಸಂಖ್ಯೆ 19, ಅಂದ್ರೆ 19 ಎಲೆಕ್ಟ್ರಾನ್. ಮೊದಲ ಕವಚಕ್ಕೆ 2, ಎರಡನೆಯದಕ್ಕೆ 8. ಮೂರನೆಯದರಲ್ಲಿ 18ಕ್ಕೆ ಜಾಗ ಇದೆ, ಉಳಿದ 9 ಅಲ್ಲಿಗೆ. ಕೂಡಿದರೆ ಸರಿಯಾಗೇ ಬರುತ್ತದೆ. ಆದರೆ ಅದೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು: ತೀರಾ ಹೊರಗಿನ ಕವಚದಲ್ಲಿ 8ಕ್ಕಿಂತ ಜಾಸ್ತಿ ಇರುವುದಿಲ್ಲ. ಹಾಗಾಗಿ 2, 8, 8, 1.

"ಜಾಗ ಇದ್ರೂ ಯಾಕೆ ಹೋಗಲ್ಲ?" ಅಂದಳು. ನ್ಯಾಯವಾದ ಪ್ರಶ್ನೆ. ಕೈ ತೊಳೆದುಕೊಂಡು ಬಂದು ಅರ್ಧ ಗಂಟೆ ಫೋನಿನಲ್ಲಿ ಓದಿದೆ. ಮೂರನೇ ಕವಚ ಅನ್ನುವುದು ಒಂದೇ ಕೋಣೆ ಅಲ್ಲವಂತೆ, ಒಳಗೆ ಉಪಕವಚಗಳಿವೆ. ಎಂಟು ತುಂಬಿದ ಮೇಲೆ ಅಲ್ಲಿ ಉಳಿಯುವ ಹತ್ತರ ಜಾಗಕ್ಕಿಂತ ನಾಲ್ಕನೇ ಕವಚದ ಮೊದಲ ಜಾಗದಲ್ಲಿ ಶಕ್ತಿ ಕಡಿಮೆ. ಎಲೆಕ್ಟ್ರಾನ್ ಕಡಿಮೆ ಶಕ್ತಿಯ ಕಡೆಗೇ ಹೋಗುತ್ತದೆ.

ಆಮೇಲೆ ನನ್ನ ಭಾಷೆಯಲ್ಲೇ ಹೇಳಿಕೊಟ್ಟೆ. ಜಡಾನಿಲ ಅಂದ್ರೆ ಚುಕ್ತಾ ಆದ ಖಾತೆ. ಹೀಲಿಯಂ 2, ನಿಯಾನ್ 10, ಆರ್ಗಾನ್ 18, ಕ್ರಿಪ್ಟಾನ್ 36, ಜ಼ೆನಾನ್ 54. ಇವು ಸಾಮಾನ್ಯವಾಗಿ ಯಾರಿಂದಲೂ ತಗೊಳ್ಳಲ್ಲ, ಯಾರಿಗೂ ಕೊಡಲ್ಲ. ನಿನ್ನ ಧಾತುವಿಗಿಂತ ಹಿಂದಿನ ಚುಕ್ತಾ ಯಾವುದು ನೋಡು, ಕಳೆ. ಉಳಿದದ್ದೇ ಬಾಕಿ. ಪೊಟ್ಯಾಸಿಯಂ 19, ಹಿಂದಿನ ಚುಕ್ತಾ 18. ಬಾಕಿ 1. ಗಂಧಕ 16, ಚುಕ್ತಾ 10, ಬಾಕಿ 6.

"ಹಾಗಾದ್ರೆ ಅಯೋಡಿನ್?" ಉಪ್ಪಿನ ಪ್ಯಾಕೆಟ್ ಅವಳ ಕಣ್ಣೆದುರಿಗೇ ಇತ್ತು. 53ರಲ್ಲಿ 36 ಕಳೆದರೆ 17. ಹದಿನೇಳು ಹೇಗೆ ಸಾಧ್ಯ? ಇಲ್ಲಿ ನಾನೂ ಸ್ವಲ್ಪ ತಡವರಿಸಿದೆ. ಆಮೇಲೆ ಹೊಳೆಯಿತು. ನಡುವೆ 10 ಎಲೆಕ್ಟ್ರಾನ್ ಒಳಗಿನ ಕವಚಕ್ಕೆ ಜಮಾ ಆಗಿವೆ. ಅವನ್ನು ಬಿಟ್ಟರೆ 7. ಆವರ್ತ ಕೋಷ್ಟಕದ ಕಂಬಸಾಲು, ಅಂದ್ರೆ ಗುಂಪಿನ ಸಂಖ್ಯೆಯಿಂದ ಹೋದರೂ ಅಷ್ಟೇ: 1 ಮತ್ತು 2ನೇ ಗುಂಪಿಗೆ ಇದ್ದ ಹಾಗೇ, 13ರಿಂದ 18ರವರೆಗೆ 10 ಕಳೆಯುವುದು. ಅಯೋಡಿನ್ 17ನೇ ಗುಂಪು. ಹೀಲಿಯಂ ಒಂದು ತಕರಾರು. ಕೂತಿರುವುದು 18ನೇ ಗುಂಪಿನಲ್ಲಿ, ಇರುವುದು ಎರಡೇ.

ಇನ್ನೊಂದು ಗೊಂದಲ ಅವಳಿಗೂ ಇತ್ತು, ನನಗೂ ಇತ್ತು. ವೇಲೆನ್ಸ್ ಎಲೆಕ್ಟ್ರಾನ್ ಬೇರೆ, ವೇಲೆನ್ಸಿ ಬೇರೆ. ಮೊದಲನೆಯದು ಕೈಯಲ್ಲಿ ಇರುವುದು, ಎರಡನೆಯದು ಎಷ್ಟು ಕೊಡುತ್ತದೆ, ತಗೊಳ್ಳುತ್ತದೆ ಅಥವಾ ಹಂಚಿಕೊಳ್ಳುತ್ತದೆ ಅನ್ನುವುದು. ಕ್ಲೋರಿನ್ ಕೈಯಲ್ಲಿ 7 ಇವೆ, ಆದರೆ ಉಪ್ಪಾಗುವಾಗ ಸೋಡಿಯಂನಿಂದ ತಗೊಳ್ಳುವುದು ಒಂದನ್ನೇ. ಏಳು ಇದ್ದವನು ಏಳನ್ನೂ ಕೊಟ್ಟು ಬರಿಗೈ ಆಗುತ್ತಾನಾ? ಒಂದು ಸಾಲ ತಂದು ಎಂಟು ಮಾಡಿಕೊಳ್ಳುತ್ತಾನೆ. ಮಂಡಿಯಲ್ಲಿ ಇಂಥವರನ್ನು ದಿನಾ ನೋಡುತ್ತೇನೆ.

ಕಬ್ಬಿಣಕ್ಕೆ ಬಂದಾಗ ನನ್ನ ಪದ್ಧತಿ ಕುಂಟಿತು. 26ರಲ್ಲಿ 18 ಹೋದರೆ 8, ಆದರೆ ವಿನ್ಯಾಸ 2, 8, 14, 2. ಹೊರಗೆ ಎರಡೇ. ಅದರ ಒಳಗಿನ ಕವಚದ 14ರಲ್ಲಿ ಎಂಟರ ಮೇಲಿನ ಆರೂ ಕೊಡುಕೊಳ್ಳುವಿಕೆಗೆ ಬರುತ್ತವೆ ಅಂತ ಎಂಟನ್ನೂ ಲೆಕ್ಕಕ್ಕೆ ಹಿಡಿಯುವವರಿದ್ದಾರೆ. ಮಾಮೂಲಾಗಿ ಅದು ಕಳೆದುಕೊಳ್ಳುವುದು ಮಾತ್ರ ಒಮ್ಮೆ 2, ಒಮ್ಮೆ 3. "ಇದು ನಮ್ಮ ಪೋರ್ಶನ್‌ನಲ್ಲಿ ಇಲ್ಲಪ್ಪ, ಬಿಡು" ಅಂದಳು. ಬಿಟ್ಟೆ.

ಪರೀಕ್ಷೆಗೆ ಬಂದದ್ದು ಕ್ಯಾಲ್ಸಿಯಂ. "ಒಟ್ಟು 20, ಚುಕ್ತಾ 18, ಬಾಕಿ 2" ಅಂತ ಬರೆದು ಬಂದಿದ್ದಾಳೆ. ಪೂರ್ತಿ ಅಂಕ ಸಿಕ್ಕಿದೆ. ಚುಕ್ತಾ ಪದಕ್ಕೆ ಮಾತ್ರ ಟೀಚರ್ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ದೊಡ್ಡದೊಂದು ಪ್ರಶ್ನೆ ಚಿಹ್ನೆ ಇಟ್ಟಿದ್ದಾರೆ.