ಟ್ಯಾಂಕರ್ ಬೆನ್ನಿನ ಇಂಗ್ಲಿಷ್

ಮುಂಜಾನಿ ವಿಜಯಪುರದ ಗಾಂಧಿ ಚೌಕ್‌ನ್ಯಾಗ ಒಂದು ಟ್ಯಾಂಕರ್ ನಿಂತಿತ್ತು. ಬೆನ್ನಿಗೆ 'ಹೈಲಿ ಇನ್‌ಫ್ಲೇಮಬಲ್' ಅಂತ ಕೆಂಪು ಅಕ್ಷರ. ಪರೀಕ್ಷಾಕ್ಕ ಓದೋ ಹುಡುಗೊಬ್ಬ ಗೆಳೆಯಾಗ ಹೇಳಾಕತ್ತಿದ್ದ: "ಇನ್ ಬಂದ್ರ ಉಲ್ಟಾ ಅರ್ಥಲೇ. ಬೆಂಕಿ ಹತ್ತೂದಿಲ್ಲಂತ."

ಹತ್ತತೈತಪಾ. ಭರ್ರಂತ ಹತ್ತತೈತಿ!

'ಇನ್‌ಕರೆಕ್ಟ್'ನ್ಯಾಗಿನ ಇನ್ ಅಂದ್ರ 'ಅಲ್ಲ'. ಟ್ಯಾಂಕರಿನ ಇನ್ ಬ್ಯಾರೆ, ಲ್ಯಾಟಿನ್‌ನ 'ಒಳಗ'. ಉರಿ ಹಚ್ಚು ಅನ್ನೋ 'ಇನ್‌ಫ್ಲೇಮ್' ಇದರ ಸಂಬಂಧಿ. ಮಂದಿ ಹಿಂಗ ತಪ್ಪು ತಿಳೀತಾರಂತನ ಈಗ ಭಾಳ ಕಡೆ ಎಚ್ಚರಿಕಿ ಫಲಕಕ್ಕ ಬರೇ 'ಫ್ಲೇಮಬಲ್' ಬರೀತಾರ. ಎರಡೂ ಒಂದ. ಹತ್ತದ್ದಕ್ಕ 'ನಾನ್‌ಫ್ಲೇಮಬಲ್'.

'ಇನ್‌ವ್ಯಾಲ್ಯುಯಬಲ್' ಇನ್ನೂ ಮಜಾ. ಅಲ್ಲಿ ಇನ್ ಅಂದ್ರ 'ಅಲ್ಲ'ನ, ಆದ್ರ ಬೆಲಿ ಇಲ್ಲದ್ದಂತಲ್ಲ, ಬೆಲಿ ಕಟ್ಟಾಕ ಆಗದ್ದು. ನಮ್ಮ 'ಅಮೂಲ್ಯ' ನೋಡ್ರಿ, ಅದೂ ಹಂಗ! ಬೆಲಿ ಇಲ್ಲದ್ದು 'ವರ್ತ್‌ಲೆಸ್'.

ಇಂಥಾ ಶಬ್ದ ನೆನಪಿಡಾಕ ಚೀಟಿ ಮಾಡೋರು ಮುಂದ ಶಬ್ದ ಬರದು, ಹಿಂದ ಬರೇ ಅರ್ಥ ಬರೀಬ್ಯಾಡ್ರಿ. ನಿಮ್ಮ ಓಣಿದ ಒಂದು ವಾಕ್ಯ ಬರೀರಿ. ದಿನಕ್ಕ 5 ಸಾಕು. ಮರುದಿನ, 3ನೇ ದಿನ, 7ನೇ ದಿನ ಮತ್ತ ತಗೀರಿ. ತಿರುವೂಕಿಂತ ಮೊದಲ ನೆನಪು ಮಾಡ್ಕೋರಿ. ಸುಮ್ನ ಕಣ್ಣಾಡಿಸಿದ್ರ ಎಲ್ಲಾ ಗೊತ್ತೈತಿ ಅನಸ್ತೈತಿ, ಪೇಪರ್ ಮುಂದ ಕೈ ಕೊಡತೈತಿ.

'ಎಮಿನೆಂಟ್' ಅಂದ್ರ ಹೆಸರುವಾಸಿ, 'ಇಮಿನೆಂಟ್' ಅಂದ್ರ ಇನ್ನೇನು ಬಂದ ಬಿಡ್ತು ಅನ್ನೂವಂಥದ್ದು. ಇಂಥಾ ಜೋಡಿನ ಒಂದ ದಿನ ಕಲಿಬ್ಯಾಡ್ರಿ, ಕಲಸಿ ಹೋಗತಾವು. ಒಂದು ಗಟ್ಟಿ ಆದ ವಾರಕ್ಕ ಇನ್ನೊಂದು.