ಬಾಗಿಲಿಗೆ ದುರಂತ

‘ಮನೆಯ ಬಾಗಿಲಲ್ಲಿ ಯಾರಾದರೂ ದುರಂತ ನೆಡುತ್ತಾರೆಯೇ?’

ಕಳೆದ ಭಾನುವಾರ ನಮ್ಮ ಅತ್ತೆ ಜಗಲಿಯಲ್ಲಿ ಕುಳಿತು ಕೇಳಿದ ಮಾತಿದು. ಗಿಡದ ಹೆಸರು ಡುರಾಂಟಾ ಎಂದು ನಾನು ಎರಡು ಸಲ ಬಿಡಿಸಿ ಹೇಳಿದೆ. ಎರಡು ಸಲವೂ ಅವಳ ಕಿವಿಗೆ ಬಿದ್ದದ್ದು ದುರಂತವೇ.

ಮೃಗಶಿರಾ ಮಳೆ ಹಿಡಿದ ವಾರ ಊರೊಳಗಿನ ಒಂದು ಕಚೇರಿಯ ಬೇಲಿಯಿಂದ ಆರು ಕಡ್ಡಿ ಮುರಿದು ತಂದಿದ್ದೆ. ಕೇಳಿ ತಂದದ್ದಲ್ಲ. ಕದ್ದು ತಂದ ಗಿಡವೇ ಚೆನ್ನಾಗಿ ಜೀವ ಹಿಡಿಯುತ್ತದೆ ಎಂಬುದು ನಮ್ಮ ಶಿರಸಿ ಕಡೆಯ ಹೂದೋಟದ ಹೆಂಗಸರ ವೇದವಾಕ್ಯ. ಡೇರೆ ಹೂವಿನ ಗಡ್ಡೆಗಳು ಮನೆಯಿಂದ ಮನೆಗೆ ಸಂಚರಿಸುವುದು ಹೆಚ್ಚಾಗಿ ಹೀಗೆಯೇ. ಆ ಕಚೇರಿಯ ಮಾಲಿ ಬೇಲಿಗೆ ಆಗಾಗ ಕ್ಷೌರ ಮಾಡುತ್ತಾನೆ. ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡದ ತುದಿಯನ್ನೇ ಸವರಿದರೆ ಹಣ್ಣು ಎಲ್ಲಿಂದ ಬರಬೇಕು? ಅವನ ಕತ್ತರಿ ತಲುಪದ, ನಲ್ಲಿಯ ಹಿಂದಿನ ಮೂಲೆಯಲ್ಲಿ ಮಾತ್ರ ನೀಲಿ ಹೂವು, ಅದರ ಕೆಳಗೆ ಜೋತುಬಿದ್ದ ಕಿತ್ತಳೆ ಬಣ್ಣದ ಮಣಿಗೊಂಚಲು. ಅವನ ಸೋಮಾರಿತನಕ್ಕೆ ನಾನು ಋಣಿ.

ಪೆನ್ಸಿಲ್ ದಪ್ಪದ, ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಇರುವ ಕಡ್ಡಿಗಳು. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆಗಳನ್ನು ಅರ್ಧರ್ಧ ಉಳಿಸಿ, ಹೊಳೆಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಹಾಲಿನ ಕವರುಗಳಲ್ಲಿ ಊರಿದೆ. ಮೂರು ಕವರುಗಳನ್ನು ಸೂರಿನ ನೀರು ಬೀಳುವಲ್ಲಿಯೇ ಇಟ್ಟದ್ದು ನನ್ನ ಬುದ್ಧಿವಂತಿಕೆ. ಹದಿನೈದು ದಿನಕ್ಕೆ ಅವುಗಳ ಬುಡ ಕಪ್ಪಾಗಿ, ಮುಟ್ಟಿದರೆ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಒಳಗಿದ್ದ ಮೂರು ಪುನರ್ವಸು ಮಳೆಯ ಹೊತ್ತಿಗೆ ಬೇರು ಬಿಟ್ಟವು. ಕವರಿನ ತೂತಿನಿಂದ ಶ್ಯಾವಿಗೆಯ ಎಳೆಯಷ್ಟೇ ದಪ್ಪದ ಒಂದು ಬಿಳಿ ಬೇರು ಹೊರಗೆ ಇಣುಕಿದ್ದನ್ನು ನಾನು ಮನೆಮಂದಿಗೆಲ್ಲ ಕರೆದು ತೋರಿಸಿದೆ. ಯಾರೂ ಅಷ್ಟಾಗಿ ಸಂಭ್ರಮಿಸಲಿಲ್ಲ.

ಬೀಜದಿಂದಲೂ ನೋಡೋಣವೆಂದು ಶನಿವಾರ ಅದೇ ಮೂಲೆಯಿಂದ ಒಂದು ಹಣ್ಣಿನ ಗೊಂಚಲು ತಂದು ಜಗಲಿಯ ಕಟ್ಟೆಯ ಮೇಲಿಟ್ಟಿದ್ದೆ. ಭಾನುವಾರ ಅತ್ತೆಗೆ ದುರಂತದ ಅರ್ಥ ಬಿಡಿಸುವ ಉತ್ಸಾಹ ನನಗೆ. ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಕ್ಯಾಸ್ಟೋರೆ ಡುರಾಂಟೆ ಎಂಬ ವೈದ್ಯನಿದ್ದ, ಸಸ್ಯಗಳನ್ನು ಬಲ್ಲವನು, ಅವನ ಹೆಸರನ್ನೇ ಗಿಡಕ್ಕೆ ಇಟ್ಟರು, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿದ, ಗಿಡ ಮಾತ್ರ ಅಮೆರಿಕ ಖಂಡದ್ದು ಎಂದೆಲ್ಲ ಹೇಳಿದೆ. ‘ಹಾಗಾದರೆ ಅವನ ಬಾಗಿಲಲ್ಲಿ ನೆಟ್ಟುಕೊಳ್ಳಲಿ’ ಎಂದಳು.

ನಾನು ನಗುತ್ತಿದ್ದಂತೆಯೇ ಅವಳು ಎದ್ದಳು. ಪಕ್ಕದ ಮನೆಯ ಮೂರು ವರ್ಷದ ಹುಡುಗಿ ಗೊಂಚಲಿನಿಂದ ಒಂದು ಮಣಿ ಕಿತ್ತು ತುಟಿಯವರೆಗೆ ಒಯ್ದಿತ್ತು. ಅತ್ತೆ ಅದರ ಮುಷ್ಟಿ ಹಿಡಿದು, ನನ್ನ ಕಡೆ ತಿರುಗಿ ಕೇಳಿದಳು: ‘ಇದನ್ನು ತಿನ್ನಬಹುದೇ?’

ನನಗೆ ಗೊತ್ತಿರಲಿಲ್ಲ.

ಆಮೇಲೆ ಮೊಬೈಲಿನಲ್ಲಿ ಹುಡುಕಿದೆ. ತಿನ್ನಬಾರದು. ಸಪೋನಿನ್ ಎಂಬ ವಿಷವಿದೆ. ಮಕ್ಕಳಿಗೆ, ನಾಯಿ ಬೆಕ್ಕುಗಳಿಗೆ ಅಪಾಯ. ಪಿಕಳಾರದಂಥ ಹಕ್ಕಿಗಳು ಮಾತ್ರ ಆರಾಮಾಗಿ ತಿಂದು ಬೀಜ ಹಂಚುತ್ತವೆ. ಇಟಲಿಯ ವೈದ್ಯನ ಪೂರ್ತಿ ಹೆಸರು ಬಾಯಿಗೆ ಬರುತ್ತಿತ್ತು, ಇದು ಗೊತ್ತಿರಲಿಲ್ಲ. ಬೆಟ್ಟದಲ್ಲಿ ಕವಳಿ ಯಾವುದು, ಬಿಕ್ಕೆ ಯಾವುದು, ಯಾವುದು ಮುಟ್ಟಬಾರದ್ದು ಎಂದು ನನಗೆ ಐದು ವರ್ಷಕ್ಕೇ ಕಲಿಸಿದವಳು ಇದೇ ಅತ್ತೆ. ಅವಳಿಗೆ ಯಾವ ಗಿಡ ಕಂಡರೂ ಮೊದಲು ಬರುವ ಪ್ರಶ್ನೆ ಅದೊಂದೇ. ನರ್ಸರಿಯ ಗಿಡಗಳಿಗೆ ಅಂಥ ಅತ್ತೆಯಿಲ್ಲ. ಬೆಲೆಯ ಚೀಟಿ ಇರುತ್ತದೆ, ಬಿಸಿಲೋ ನೆರಳೋ ಎಂದು ಇರುತ್ತದೆ, ಅಷ್ಟೇ. ಅವಳ ಕಿವಿಯನ್ನು ನೋಡಿ ನಕ್ಕೆನಲ್ಲ ಎಂದು ವಾರವಿಡೀ ಹಲ್ಲುಜ್ಜುವಾಗಲೂ ಅನಿಸುತ್ತಿದೆ.

ಗೊಂಚಲನ್ನು ಒಲೆಗೆ ಹಾಕಿದೆ. ಕವರುಗಳನ್ನೂ ಎಸೆಯಲು ಹೊರಟಾಗ ಅತ್ತೆ ತಡೆದಳು. ‘ಹೂವು ನೀಲಿಯೇ?’ ಎಂದಳು. ಹೌದೆಂದೆ. ಒಂದನ್ನು ಎತ್ತಿ ತನ್ನ ಕೈಚೀಲದಲ್ಲಿ ನೇರವಾಗಿ ನಿಲ್ಲಿಸಿಕೊಂಡಳು. ಈಗಷ್ಟೇ ಹೇಳಿದೆನಲ್ಲ ವಿಷವೆಂದು, ಎಂದೆ.

‘ನಮ್ಮ ಮನೆಯಲ್ಲಿ ತಿನ್ನುವ ಮಕ್ಕಳು ಯಾರಿದ್ದಾರೆ?’

ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಬೇಸಿಗೆಗೆ ನಾಲ್ಕು ದಿನ. ಎಂಟು ಅಂಕಣದ ಮನೆಯಲ್ಲಿ ಅವಳೊಬ್ಬಳೇ. ನಾನು ಏನೂ ಹೇಳದೆ ಬಸ್ ನಿಲ್ದಾಣದವರೆಗೆ ಕೊಡೆ ಹಿಡಿದೆ.

ನಿನ್ನೆ ಸಂಜೆ ಫೋನ್ ಮಾಡಿದ್ದಳು. ದುರಂತ ಹೊಸ ಎಲೆ ಬಿಟ್ಟಿದೆಯಂತೆ. ಎಲ್ಲಿ ನೆಟ್ಟೆ ಎಂದು ಕೇಳಿದೆ.

‘ಬಾಗಿಲಲ್ಲೇ’ ಎಂದಳು.