ಸಹಾಯ ಮಾಡೋದು ಮತಾಂತರಕ್ಕೇ ಅಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ದೊಡ್ಡ ನಗರವೊಂದರ ಚರ್ಚಿನಲ್ಲಿ, ಬೇರೆ ದೇಶಗಳಿಂದ ವಲಸೆ ಬಂದವರ ನಡುವೆ ಸೇವೆ ಮಾಡುತ್ತೇನೆ. ಹಾಗಂತ ಹೇಳಿದ ಕೂಡಲೇ ಜನ ಕೇಳುವುದು ಒಂದೇ: "ಭಾಷೆ ಕಲಿಸ್ತೀರಿ, ಫಾರಂ ತುಂಬಿಕೊಡ್ತೀರಿ, ಕಂಬಳಿ ಹಂಚ್ತೀರಿ. ಇದೆಲ್ಲ ಕೊನೆಗೆ ಅವರನ್ನ ಮತಾಂತರ ಮಾಡೋಕೇ ಅಲ್ವಾ?" ಕೆಲವರು ಸಿಟ್ಟಿನಿಂದ ಕೇಳುತ್ತಾರೆ. ಕೆಲವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿರುತ್ತದೆ.

ಯೇಸುವಿನ ವಿಷಯ ಎಲ್ಲರಿಗೂ ತಿಳಿಯಬೇಕು ಅನ್ನುವ ಆಸೆ ನನಗಿದೆ. ಅದನ್ನು ಮುಚ್ಚಿಟ್ಟು, ಇದು ಬರೀ ಸಮಾಜಸೇವೆ ಅಂದರೆ ಸುಳ್ಳು ಹೇಳಿದ ಹಾಗೆ. ಯಾರಾದರೂ ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಆದರೆ ನನ್ನ ಮಾತು ಕೇಳಿದವರಿಗೆ ಮಾತ್ರ ಸಹಾಯ ಅಂತಾದರೆ ಅದು ವ್ಯಾಪಾರ. ಇದು ನನಗೆ ಮೊದಲಿನಿಂದ ಗೊತ್ತಿದ್ದ ಮಾತೇನಲ್ಲ. ತಪ್ಪು ಮಾಡಿ ಕಲಿತದ್ದು.

ಒಂದು ವರ್ಷ ಚಳಿ ಶುರುವಾಗುವ ಹೊತ್ತಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಕಂಬಳಿ ಹಂಚಿದೆವು. ಪ್ರತಿ ಕಂಬಳಿಯ ಮಡಿಕೆಯಲ್ಲಿ ಒಂದು ಕರಪತ್ರ ಇಟ್ಟಿದ್ದೆವು. ಇಟ್ಟವರಲ್ಲಿ ನಾನೂ ಒಬ್ಬಳು. ಮುಂದಿನ ವಾರ ಹಿರಿಯರೊಬ್ಬರು ಬಂದರು. ಕಂಬಳಿಯನ್ನು ನಾವು ಕೊಟ್ಟಾಗ ಇದ್ದದ್ದಕ್ಕಿಂತ ಅಚ್ಚುಕಟ್ಟಾಗಿ ಮಡಚಿ ತಂದಿದ್ದರು. ಅದರ ಮೇಲೆ ಕರಪತ್ರ. ಎರಡನ್ನೂ ಮೇಜಿನ ಮೇಲಿಟ್ಟು, ತಮಗೆ ಬರುವಷ್ಟು ಭಾಷೆಯಲ್ಲಿ ಮೆಲ್ಲಗೆ ಕೇಳಿದರು: "ಇದನ್ನ ಓದದೆ ಅದನ್ನ ಇಟ್ಕೋಬಹುದಾ?"

ಇಟ್ಟುಕೊಳ್ಳಿ ಅಂದೆ. ಕಂಬಳಿ ಎತ್ತಿಕೊಂಡು ಹೋದರು. ಆ ಒಂದು ವಾರ ಅದನ್ನು ಅವರ ಮನೆಯಲ್ಲಿ ಯಾರೂ ಹೊದ್ದಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮನೆಯಲ್ಲಿ ಇಬ್ಬರು ಪುಟ್ಟ ಮೊಮ್ಮಕ್ಕಳಿದ್ದರು. ಈಗ ನೆನೆಸಿಕೊಂಡರೂ ಸಂಕಟವಾಗುತ್ತದೆ.

ಅವತ್ತಿನಿಂದ ಸಾಮಾನಿನ ಜೊತೆ ಕಾಗದ ಇಡುವುದನ್ನು ಬಿಟ್ಟೆವು. ಭಾಷೆಯ ತರಗತಿಯಲ್ಲಿ ಪ್ರಾರ್ಥನೆ ಮಾಡಿಸುವುದಿಲ್ಲ. ಅದಕ್ಕೆ ಬೇರೆ ದಿನ, ಬೇರೆ ಕೋಣೆ ಇದೆ. ಅಲ್ಲಿ ಏನು ನಡೆಯುತ್ತದೆ ಅಂತ ಬಾಗಿಲಲ್ಲೇ ಬರೆದಿದೆ. "ಹೀಗಾದರೆ ಯಾರು ಬರ್ತಾರೆ?" ಅಂತ ನಮ್ಮ ಚರ್ಚಿನವರೇ ಕೆಲವರು ಕೇಳಿದರು. ಕೆಲವರು ಬರುತ್ತಾರೆ, ಜಾಸ್ತಿ ಜನ ಬರುವುದಿಲ್ಲ. ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ, ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ ಅನ್ನುತ್ತದೆ ಬೈಬಲಿನ ಯಾಜಕಕಾಂಡ. ನನ್ನ ಮತಕ್ಕೆ ಬಂದರೆ ಮಾತ್ರ ಪ್ರೀತಿಸು ಅನ್ನುವ ಮಾತು ಅಲ್ಲಿಲ್ಲ.

ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡ ಇದೆ. 1743ರಲ್ಲಿ ಅದನ್ನು ಕಟ್ಟಿದವರು ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದ ಪ್ರೊಟೆಸ್ಟೆಂಟರು. 1809ರಲ್ಲಿ ಅದು ಯೆಹೂದಿಗಳನ್ನು ಕ್ರೈಸ್ತರನ್ನಾಗಿ ಮಾಡಲೆಂದೇ ಹುಟ್ಟಿದ ಸಂಘವೊಂದರ ಕೈಗೆ ಬಂತು. ಹತ್ತು ವರ್ಷದಲ್ಲಿ ಆ ಸಂಘ ಹೋಗಿ ಮೆಥಡಿಸ್ಟರು ಅನ್ನುವ ಇನ್ನೊಂದು ಕ್ರೈಸ್ತ ಪಂಗಡದವರು ಬಂದರು. 19ನೇ ಶತಮಾನದ ಕೊನೆಗೆ, ಪೂರ್ವ ಯುರೋಪಿನಿಂದ ವಲಸೆ ಬಂದ ಯೆಹೂದಿಗಳು ಅದನ್ನೇ ತಮ್ಮ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಮಾಡಿಕೊಂಡರು! 1976ರಿಂದ ಅದು ಮಸೀದಿ, ಹೆಚ್ಚಾಗಿ ಬಾಂಗ್ಲಾದೇಶದ ಮೂಲದವರದ್ದು. ವಲಸೆ ಬಂದವರಿಗೆ ತಮ್ಮ ದೇವರ ಜೊತೆ ಮಾತಾಡಲು ಒಂದು ಸೂರು ಬೇಕು. ಅದನ್ನು ಅರ್ಥ ಮಾಡಿಕೊಳ್ಳದೆ ಈ ಸೇವೆಗೆ ಇಳಿಯಬಾರದು.

ಇನ್ನು ಫ್ರಾನ್ಸೆಸ್ ಕ್ಯಾಬ್ರಿನಿ. ಇಟಲಿಯ ಕ್ಯಾಥೊಲಿಕ್ ಸನ್ಯಾಸಿನಿ. ಅವರಿಗೆ ಚೀನಾಕ್ಕೆ ಹೋಗುವ ಆಸೆ. ಪೋಪ್ 13ನೇ ಲಿಯೋ ಅವರನ್ನು ಪಶ್ಚಿಮಕ್ಕೆ ಕಳಿಸಿದರು. 1889ರಲ್ಲಿ ನ್ಯೂಯಾರ್ಕಿಗೆ ಬಂದರು. ಅಲ್ಲಿಗೆ ವಲಸೆ ಬಂದಿದ್ದ ಇಟಲಿಯವರು ಆಗಲೇ ಕ್ಯಾಥೊಲಿಕರು. ಆದರೂ ಎಷ್ಟೋ ಚರ್ಚುಗಳಲ್ಲಿ ಅವರಿಗೆ ಪೂಜೆ ನೆಲಮಾಳಿಗೆಯಲ್ಲಿ. ಒಂದೇ ಮತದವರನ್ನೇ ಹೀಗೆ ಕೆಳಗೆ ಕೂರಿಸುತ್ತಿದ್ದರು ನೋಡಿ. ಕ್ಯಾಬ್ರಿನಿ ಅನಾಥಾಲಯ, ಶಾಲೆ, ಆಸ್ಪತ್ರೆ ಕಟ್ಟುತ್ತಾ ಹೋದರು. ಮತಕ್ಕೆ ಸೇರುವವರ ಸಂಖ್ಯೆ ಹೆಚ್ಚಿಸುವುದೊಂದೇ ಗುರಿಯಾಗಿದ್ದರೆ ಅವರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆಸ್ಪತ್ರೆ ಅಂದಾಗ ನನಗೆ ಒಬ್ಬ ಹುಡುಗಿಯ ನೆನಪಾಗುತ್ತದೆ. ಹನ್ನೊಂದು ವರ್ಷ. ಅಮ್ಮನಿಗೆ ಭಾಷೆ ಬಾರದು, ಹಾಗಾಗಿ ಡಾಕ್ಟರ್ ಹೇಳಿದ್ದನ್ನು ಮಗಳೇ ಹೇಳಬೇಕು. ಡಾಕ್ಟರ್ ತುಂಬಾ ಹೊತ್ತು ಮಾತಾಡಿದರು. ಹುಡುಗಿ ಅಮ್ಮನಿಗೆ ಹೇಳಿದ್ದು ಎರಡೇ ಮಾತು. ಉಳಿದದ್ದನ್ನು ನುಂಗಿಕೊಂಡಳು. ಅವಳ ಕೈ ನನ್ನ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ನಮ್ಮ ತರಗತಿಯಲ್ಲಿ ಒಂದಿಡೀ ತಿಂಗಳು ನೋವಿನ ಮಾತುಗಳನ್ನೇ ಕಲಿಸಿದೆವು. ಉರಿ, ಸೆಳೆತ, ಚುಚ್ಚುವುದು, ಜುಮ್ಮೆನ್ನುವುದು. ಹೆಂಗಸರು ಹೊಟ್ಟೆ, ಬೆನ್ನು, ಎದೆ ಮುಟ್ಟಿಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮಕ್ಕಳ ಮೇಲಿನ ಆ ಭಾರ ಇಳಿಸುವುದು ನನಗೆ ಸುವಾರ್ತೆಯ, ಅಂದರೆ ಯೇಸುವಿನ ಸಂದೇಶದ, ಕೆಲಸವೇ.

ಇನ್ನೊಂದು ಮಾತು. ವಲಸೆ ಬಂದವರು ಅಂದರೆ ಬರೀ ಕೈ ಚಾಚುವವರು ಅಂತ ಜನ ಅಂದುಕೊಳ್ಳುತ್ತಾರೆ. ನೈಜೀರಿಯಾದ ಲೇಗೋಸ್‌ನಲ್ಲಿ 1952ರಲ್ಲಿ ಶುರುವಾದ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಆಫ್ ಗಾಡ್ ಇವತ್ತು ಲಂಡನ್ನಿನಲ್ಲೂ ಸಭೆಗಳನ್ನು ನಡೆಸುತ್ತಿದೆ. ಒಂದು ಕಾಲದಲ್ಲಿ ಮಿಷನರಿಗಳನ್ನು ಕಳಿಸುತ್ತಿದ್ದ ಊರಿಗೆ ಈಗ ಸುವಾರ್ತೆ ಬರುತ್ತಿರುವುದು ವಲಸಿಗರ ಬಾಯಲ್ಲಿ.

ಕಂಬಳಿಯ ಹಿರಿಯರು ಈಗಲೂ ಬರುತ್ತಾರೆ. ಪ್ರಾರ್ಥನೆಯ ಕೋಣೆಗೆ ಒಮ್ಮೆಯೂ ಬಂದಿಲ್ಲ. ಹೊಸಬರು ಬಂದರೆ ಪಕ್ಕದಲ್ಲಿ ಕೂತು ಫಾರಂ ತುಂಬಿಸುತ್ತಾರೆ, ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸುತ್ತಾರೆ. ಕಳೆದ ತಿಂಗಳು ತರಗತಿಯ ಬೀಗದ ಕೈಯನ್ನು ಅವರಿಗೇ ಕೊಟ್ಟೆವು. ದಿನಾ ಎಲ್ಲರಿಗಿಂತ ಮೊದಲು ಬರುವುದು ಅವರೇ.